ಕೆಂಪು ನಾಲ್ಕು

ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೂರನೇ ದಿನ ನಾನು ಅವಳ ಕ್ಯಾಸೆಟ್ಟುಗಳ ಮೇಲಿದ್ದ ಗುರುತುಗಳನ್ನು ಒರೆಸಿ ಹಾಕಿದೆ. ಯಾಕೆ ಒರೆಸಿದೆ ಎಂದು ಕೇಳಿದರೆ ಅಭ್ಯಾಸ ಎನ್ನುವುದೊಂದೇ ನನ್ನ ಉತ್ತರ.

ನಾನು ಗೋಕಾಕದಲ್ಲಿ ನೂಲಿನ ಗಿರಣಿಯಲ್ಲಿ ಮೂವತ್ತಾರು ವರ್ಷ ದುಡಿದವನು. ಅಲ್ಲಿ ಒಂದೊಂದು ನಂಬರಿನ ನೂಲಿಗೆ ಒಂದೊಂದು ಬಣ್ಣ. ನೂಲು ಕಲಬೆರಕೆಯಾಗಬಾರದೆಂದು ಬಾಬಿನ್ನಿನ ಬುಡಕ್ಕೆ ಮೇಣದ ಬಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದೆವು. ಒಂದು ಸರತಿಯ ನೂಲು, ಅಂದರೆ ಲಾಟ್, ಮುಗಿದ ಕೂಡಲೇ ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಗೆರೆಗಳನ್ನು ಒರೆಸಿ, ಬಾಬಿನ್ನುಗಳನ್ನು ಮುಂದಿನ ಲಾಟಿಗೆ ತಯಾರು ಮಾಡಿ ಇಡಬೇಕು. ಯಾರೂ ಹೇಳಬೇಕಾಗಿರಲಿಲ್ಲ, ಕೈ ತಾನೇ ಮಾಡುತ್ತಿತ್ತು.

ಅವತ್ತು ಬಂದ ಮಂದಿ ಹೊರಗೆ ಊಟಕ್ಕೆ ಕೂತಿದ್ದರು. ನನಗೆ ಉಣ್ಣಲಾಗಲಿಲ್ಲ. ಒಳಗೆ ಹೋಗಿ ಅವಳ ಕಪಾಟಿನ ಮುಂದೆ ಕೂತೆ. ಅವಳು ಹಾಸಿಗೆ ಹಿಡಿದ ಮೇಲೆ ಕ್ಯಾಸೆಟ್ಟುಗಳನ್ನು ಯಾರೂ ಮುಟ್ಟಿರಲಿಲ್ಲ, ಧೂಳು ಕೂತಿತ್ತು. ಹೊಲಿಗೆ ಮಷಿನ್ ಒರೆಸಲು ಇಟ್ಟುಕೊಂಡಿದ್ದ ಚಿಮಣಿ ಎಣ್ಣೆಯ ಬಾಟಲಿ ಅಲ್ಲೇ ಪಕ್ಕದಲ್ಲಿತ್ತು. ಒಂದನ್ನು ಒರೆಸಿದೆ. ಇನ್ನೊಂದನ್ನು ಒರೆಸಿದೆ. ಎಷ್ಟು ಹೊತ್ತಾಯಿತೋ ತಿಳಿಯದು. ಮೂಡಲಗಿಯಿಂದ ಬಂದಿದ್ದ ಅವಳ ತಂಗಿ ನನ್ನನ್ನು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲೇ ನಿಂತಳು.

"ಮಾಮಾ, ಏನ ಮಾಡಾಕತ್ತೀರಿ?"

"ಒರಸಾಕತ್ತೇನಿ."

"ಅದು ಅಕ್ಕ ಹಾಕಿದ ಬಣ್ಣ ಅಲ್ರಿ?"

ಆಗ ನನ್ನ ಕೈ ನಿಂತಿತು. ನೂರಕ್ಕೂ ಹೆಚ್ಚಿದ್ದ ಕ್ಯಾಸೆಟ್ಟುಗಳಲ್ಲಿ ಏಳರ ಮೇಲೆ ಮಾತ್ರ ಬಣ್ಣ ಉಳಿದಿತ್ತು. ಮೂರು ಹಳದಿ, ಎರಡು ಹಸಿರು, ಒಂದು ನೀಲಿ, ಒಂದು ಕೆಂಪು. ಉಳಿದವೆಲ್ಲ ಹೊಸ ಬಾಬಿನ್ನುಗಳ ಹಾಗೆ ಸ್ವಚ್ಛವಾಗಿದ್ದವು.

ಅವು ಹಾಡಿನ ಕ್ಯಾಸೆಟ್ಟುಗಳಲ್ಲ. ಸಿನಿಮಾದಲ್ಲಿ ಹಾಡು ಇಲ್ಲದಾಗ, ಮಾತಿನ ಹಿಂದೆ, ನಡಿಗೆಯ ಹಿಂದೆ ಬರುತ್ತದಲ್ಲ, ಆ ಸಂಗೀತ. ನನ್ನ ಹೆಂಡತಿಯ ಅಪ್ಪ ಮೂಡಲಗಿಯ ಟಾಕೀಜಿನಲ್ಲಿ ಮಷಿನ್ ಬಿಡುವವರಾಗಿದ್ದರು. ಟಾಕೀಜಿನ ಹಿಂಗೋಡೆಗೆ ಹತ್ತಿಕೊಂಡೇ ಅವರ ಮನೆ. ಹೆಣ್ಣುಮಕ್ಕಳು ದಿನಾ ಒಳಗೆ ಹೋಗಿ ಸಿನಿಮಾ ನೋಡುವುದು ಅಪ್ಪನಿಗೆ ಸರಿಬರುತ್ತಿರಲಿಲ್ಲ. ಹಾಗಾಗಿ ಅವಳು ಗೋಡೆಯ ಈಚೆ ರೊಟ್ಟಿ ಬಡಿಯುತ್ತ ಪ್ರತಿ ಸಿನಿಮಾವನ್ನೂ ಹದಿನೈದಿಪ್ಪತ್ತು ಸಲ ಕೇಳಿಯೇ ಬೆಳೆದಳು. ಗೋಡೆಯಿಂದಾಗಿ ಮಾತು ಸ್ಪಷ್ಟ ಬರುತ್ತಿರಲಿಲ್ಲವಂತೆ. ಸಂಗೀತ ಮಾತ್ರ ಬರುತ್ತಿತ್ತು. ಅದರಿಂದಲೇ ಒಳಗೆ ಏನು ನಡೆಯುತ್ತಿದೆ ಎಂದು ತಾನೇ ಕಟ್ಟಿಕೊಳ್ಳುತ್ತಿದ್ದಳು. ಮುಂದೆ ಎಂದೋ ಆ ಸಿನಿಮಾ ನೋಡಿದಾಗ, "ನಾ ಕಟ್ಟಿದ್ದ ಕತಿನ ಚಲೋ ಇತ್ತು" ಅನ್ನುತ್ತಿದ್ದಳು.

ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ನಾನು ಒಂದು ಟೇಪ್‌ರೆಕಾರ್ಡರ್ ತಂದೆ. ಅಂದಿನಿಂದ ಕೂಡಿಸಲು ಶುರು ಮಾಡಿದಳು. ಪೇಟೆಯ ಕ್ಯಾಸೆಟ್ ಅಂಗಡಿಯಲ್ಲಿ ಬರೀ ವಾದ್ಯದ ಕ್ಯಾಸೆಟ್ ಬಂದರೆ ಕೊಳ್ಳುವಳು. ಆ ಅಂಗಡಿಯವ ಈಗ ಮೊಬೈಲ್ ಕವರ್ ಮಾರುತ್ತಾನೆ. ಸಿನಿಮಾದ ಇಡೀ ಮಾತುಕತೆಯ ಕ್ಯಾಸೆಟ್ಟುಗಳೂ ಆಗ ಸಿಗುತ್ತಿದ್ದವು, ಅದರಲ್ಲಿ ಮಾತಿನ ನಡುವಿನ ಸಂಗೀತವನ್ನು ಆರಿಸಿ ಬೇರೆ ಮಾಡುವಳು. ಹೆಚ್ಚಿನವು ಮಾತ್ರ ಭಾನುವಾರ ಸಂಜೆ ಟಿ.ವಿ.ಯ ಮುಂದೆ ರೆಕಾರ್ಡರ್ ಇಟ್ಟು ತುಂಬಿಕೊಂಡವು. ಅವಳು ಗುಂಡಿ ಒತ್ತಿದ ಮೇಲೆ ಫ್ಯಾನು ಬಂದ್. ನಾನು ಕೆಮ್ಮಬೇಕೆಂದರೆ ಹಿತ್ತಲಿಗೆ ಹೋಗಬೇಕು. ಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತು ನಾನು ಎಷ್ಟೋ ಸಿನಿಮಾ ನೋಡಿದ್ದೇನೆ. ಒಂದರ ಸಂಗೀತವೂ ನೆನಪಿಲ್ಲ.

ಕಾಗದದ ಚೀಟಿ ಅಂಟಿಸಿದರೆ ಸೆಕೆಗೆ ಬಿಚ್ಚಿಕೊಂಡು ರೆಕಾರ್ಡರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದಕ್ಕೆ ನಾನು ಗಿರಣಿಯಿಂದ ತಂದ ಬಣ್ಣದ ಕಡ್ಡಿಗಳಿಂದಲೇ ಗುರುತು ಹಾಕಿದಳು. ಒಬ್ಬ ಸಂಗೀತ ನಿರ್ದೇಶಕನಿಗೆ ಒಂದು ಬಣ್ಣ, ಮೇಲೆ ನಂಬರು. ಅವರ ಹೆಸರುಗಳನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹಸಿರಿನವ, ಹಳದಿಯವ, ನೀಲಿಯವ, ಕೆಂಪಿನವ. ಅವರು ನಮ್ಮ ಓಣಿಯವರೇ ಅನ್ನುವ ಹಾಗೆ.

ಈ ಮಾತಿಗೆ ಅವಳಿಗೆ ಜೊತೆ ಸಿಕ್ಕಿದ್ದು ಒಬ್ಬರೇ. ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಕನ್ನಡ ಶಾಲೆಯ ಅಕ್ಕೋರು. ನಮ್ಮ ಕಡೆ ಹೆಣ್ಣುಮಕ್ಕಳು ಶಿಕ್ಷಕರಾಗಿದ್ದರೆ ಹಾಗೇ ಕರೆಯುತ್ತೇವೆ. ಅವರಿಗೆ ತಮ್ಮೂರು ಹುಕ್ಕೇರಿಗೇ ವರ್ಗವಾದ ಮೇಲೆ ಕ್ಯಾಸೆಟ್ಟು ಮತ್ತು ಒಂದು ನೋಟ್‌ಬುಕ್ಕು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೋಗುತ್ತ ಬರುತ್ತ ಇದ್ದವು. ಇವಳು ಒಂದು ಬರೆದರೆ ಅದರ ಕೆಳಗೆ ಅವರು ಒಂದು ಬರೆಯುವರು.

"ಹಸಿರಿನವ ಬಾಗಿಲು ತೆಗೆಯುವ ಮೊದಲೇ ಅಳಿಸುತ್ತಾನೆ. ಸತ್ತ ಸುದ್ದಿ ತರುವವನಿಗಿಂತ ಇವನ ಪಿಟೀಲು ಮುಂದೆ ಓಡಿ ಬರುತ್ತದೆ" ಎಂದು ಇವಳು. "ಬರಲಿ. ಅಳುವವರಿಗೆ ತುಸು ಮೊದಲು ತಿಳಿದರೆ ನಿಮಗೇನು ತ್ರಾಸು?" ಎಂದು ಅಕ್ಕೋರು. ಮತ್ತೆ ಇವಳು, "ಹಳದಿಯವ ಹಲಗೆ ಬಿಟ್ಟು ಇರಲಾರ. ಮದುವೆಗೂ ಅದೇ, ಹೊಡೆದಾಟಕ್ಕೂ ಅದೇ. ಆದರೆ ಬಡಿತ ಎಲ್ಲಿ ನಿಲ್ಲಿಸಬೇಕೆಂದು ಗೊತ್ತವನಿಗೆ." "ನೀಲಿಯವ ಮುಂಬೈಯವ. ನೂರು ಮಂದಿ ವಾದ್ಯದವರನ್ನು ಕೂರಿಸಿಕೊಂಡು ಒಬ್ಬ ಮುದುಕಿ ಚಹಾ ಕುಡಿಯುವುದನ್ನು ತೋರಿಸುತ್ತಾನೆ." "ಕೆಂಪಿನವ ತಡವಾಗಿ ಬರುತ್ತಾನೆ. ಎಲ್ಲರೂ ಮಾತಾಡಿ ಎದ್ದ ಮೇಲೆ ಬಂದು ಮೂಲೆಯಲ್ಲಿ ಕೂತ ಹಾಗೆ." ಹೀಗೇ ಪುಟಗಟ್ಟಲೆ. ಅವಳು ಇದ್ದಾಗ ನಾನು ಈ ನೋಟ್‌ಬುಕ್ಕನ್ನು ತೆರೆದೂ ನೋಡಿರಲಿಲ್ಲ.

ಅವಳು ಹೋಗಿ ತಿಂಗಳಾಗಿತ್ತು. ಅಕ್ಕೋರು ಫೋನ್ ಮಾಡಿದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಮಣ್ಣಿಗೆ ಬರಲಾಗಲಿಲ್ಲ ಎಂದು ಮತ್ತೆ ಹೇಳಿಕೊಂಡು, ಆಮೇಲೆ ಮೆಲ್ಲಗೆ ಕೇಳಿದರು.

"ಅಣ್ಣಾರ, ಅಕಿ ಒಂದು ಕ್ಯಾಸೆಟ್ ಕಳಸ್ತೇನಿ ಅಂದಿದ್ಲು. ಕೆಂಪು ನಾಲ್ಕು. ನಮ್ಮಿಬ್ಬರದೂ ಒಂದು ತಕರಾರು ಹಂಗ ಉಳದೈತಿ. ಫೋನಿನ್ಯಾಗ ಭಾಳ ಜಗಳ ಆಡೇವಿ. 'ಮದಲ ಅದನ್ನ ಕೇಳ್ರಿ, ಆಮ್ಯಾಗ ಮಾತಾಡ್ರಿ' ಅಂದಿದ್ಲು. ಸಿಕ್ಕರ ಕಳಸ್ರಿ."

"ಹುಡುಕಿ ಕಳಸ್ತೇನ್ರಿ" ಎಂದೆ. ಒರೆಸಿದ್ದನ್ನು ಹೇಳಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವಳ ಅಕ್ಷರದಲ್ಲಿ ಒಂದೇ ಸಾಲಿತ್ತು. "ಕೆಂಪು ನಾಲ್ಕು. ಅಕ್ಕೋರಿಗೆ ಕಳಿಸುವುದು." ಅದು ಯಾವ ಸಿನಿಮಾ, ಏನು ಇದೆ, ಒಂದೂ ಇಲ್ಲ. ಹೆಂಡತಿ ಸಾಯುವ ಮೊದಲು ಒಪ್ಪಿಕೊಂಡ ಒಂದು ಸಣ್ಣ ಕೆಲಸ, ಅದನ್ನು ನಾನು ಕೆಡಿಸಿ ಕೂತಿದ್ದೆ. ನಾದಿನಿಗೆ ಹೇಳಿದರೆ ಅವಳು "ಫೋನಿನ್ಯಾಗ ಹುಡುಕ್ರಿ ಮಾಮಾ, ಎಲ್ಲಾ ಸಿಗತೈತಿ" ಅಂದಳು.

"ಏನಂತ ಹುಡುಕಲಿ? ಕೆಂಪು ಅಂತ?"



ಹಾಗಾಗಿ ಕೇಳಲು ಕೂತೆ. ಮಧ್ಯಾಹ್ನ ಉಂಡ ಮೇಲೆ ಮೂರರಿಂದ ಐದರವರೆಗೆ. ಕೆಂಪು ಗುರುತು ಉಳಿದ ಒಂದೇ ಒಂದು ಕ್ಯಾಸೆಟ್ ಇತ್ತಲ್ಲ, ಅದರ ನಂಬರು ಒಂಬತ್ತು. ಮೊದಲು ಅದನ್ನು ಹಾಕುವುದು, ಆಮೇಲೆ ಗುರುತಿಲ್ಲದ ಒಂದನ್ನು ಹಾಕುವುದು, ಹೋಲುತ್ತದೆಯೋ ನೋಡುವುದು. ಗಿರಣಿಯ ಗದ್ದಲದಲ್ಲಿ ನನ್ನ ಎಡಗಿವಿ ಎಂದೋ ಮಂದವಾಗಿದೆ. ಕೊಳಲು ಮೇಲೆ ಹೋದರೆ ನನ್ನ ಪಾಲಿಗೆ ಅದು ನಿಂತೇ ಹೋಗುತ್ತದೆ. ಬಲಗಿವಿಯನ್ನು ಸ್ಪೀಕರಿಗೆ ಹಚ್ಚಿ ಕೂರುತ್ತಿದ್ದೆ. ಮೊದಲ ವಾರ ಕೇಳಿದ್ದೆಲ್ಲ ಕೆಂಪೇ ಅನಿಸಿತು. ಎಲ್ಲವೂ ನಿಧಾನ, ಎಲ್ಲವೂ ದುಃಖ. ಬಹಳ ದಿನ ಬಿಟ್ಟು ಹಚ್ಚಿದ್ದರಿಂದ ರೆಕಾರ್ಡರಿನ ಒಳಗಿನ ಬೆಲ್ಟ್ ಸಡಿಲಾಗಿ ಅದು ಎಳೆದು ಎಳೆದು ಹಾಡುತ್ತಿದೆ ಎಂದು ನನಗೆ ಹೊಳೆಯಲು ಎಂಟು ದಿನ ಬೇಕಾಯಿತು. ಬೆಲ್ಟ್ ಬದಲಿಸಿ ಮತ್ತೆ ಮೊದಲಿನಿಂದ ಶುರು.

ಸುಲಭದ ಕೆಲಸವಾಗಿರಲಿಲ್ಲ. ಒಂದು ತಾಸು ಕೇಳಿದರೆ ತಲೆ ಜಡವಾಗುತ್ತಿತ್ತು. ಪಿಟೀಲುಗಳೆಲ್ಲ ಕೂಡಿ ಗಿರಣಿಯ ಒಂದೇ ವಿಭಾಗದಲ್ಲಿ ಮಷಿನ್ನುಗಳು ಓಡಿದಂತೆ ಕೇಳುತ್ತಿತ್ತು. ಕೆಲವು ದಿನ ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ, ಎದ್ದರೆ ಕ್ಯಾಸೆಟ್ ಮುಗಿದು ಸುಮ್ಮನಿರುತ್ತಿತ್ತು. ಇದು ಯಾಕೆ ಬೇಕು, ಸಿಗಲಿಲ್ಲ ಎಂದು ಹೇಳಿಬಿಟ್ಟರಾಯಿತು ಎಂದು ಎಷ್ಟೋ ಸಲ ಅಂದುಕೊಂಡೆ. ಮರುದಿನ ಮೂರು ಗಂಟೆಗೆ ಮತ್ತೆ ಕೂರುತ್ತಿದ್ದೆ. ಆ ಹೊತ್ತಿಗೆ ಬೇರೆ ಏನು ಮಾಡುವುದು ಎನ್ನುವುದೂ ತಿಳಿಯುತ್ತಿರಲಿಲ್ಲ.

ಹಳದಿ ಮೊದಲು ತಿಳಿಯಿತು. ಹಲಗೆಯ ಪೆಟ್ಟು ನನಗೆ ಕಿವಿಯಲ್ಲಿ ಅಲ್ಲದಿದ್ದರೂ ಎದೆಯಲ್ಲಿ ತಿಳಿಯುತ್ತದೆ. ಆಮೇಲೆ ನೀಲಿ, ಅದರ ಸಂತೆಯಂಥ ಗದ್ದಲದಿಂದ. ಹಸಿರು ಮತ್ತು ಕೆಂಪು ಮಾತ್ರ ಬಹಳ ದಿನ ಕಾಡಿದವು, ಇಬ್ಬರೂ ಪಿಟೀಲಿನವರೇ. ಒಂದು ದಿನ ಒಂದು ಕ್ಯಾಸೆಟ್ಟಿನಲ್ಲಿ ಯಾರೋ ಮೆಟ್ಟಿಲು ಇಳಿಯುವ ಸಪ್ಪಳ ಕೇಳಿತು. ಇಳಿದು ಮುಗಿಯುವವರೆಗೆ ಏನೂ ಇಲ್ಲ. ಹೆಜ್ಜೆ ಪೂರಾ ನಿಂತ ಮೇಲೆ ಸಣ್ಣಗೆ ಒಂದೇ ಪಿಟೀಲು ಬಂತು. ಹಸಿರಿನವನಾಗಿದ್ದರೆ ಮೊದಲ ಮೆಟ್ಟಿಲಿಗೇ ಹತ್ತು ಪಿಟೀಲು ತರುತ್ತಿದ್ದ. ನಾನು ಕ್ಯಾಸೆಟ್ ತೆಗೆದು ಬುಡಕ್ಕೆ ಕೆಂಪು ಗೆರೆ ಎಳೆದೆ. ಹೀಗೆ ಎರಡು ತಿಂಗಳಲ್ಲಿ ಹನ್ನೊಂದು ಕೆಂಪು ಸಿಕ್ಕವು. ನಂಬರು ಹೇಗೆ ತಿಳಿಯಬೇಕು? ಎಲ್ಲಕ್ಕಿಂತ ಹೆಚ್ಚು ಸವೆದದ್ದೇ ಅವಳು ಹೆಚ್ಚು ಕೇಳಿದ್ದು, ಅದೇ ಇರಬೇಕು ಎಂದು ಒಂದನ್ನು ಆರಿಸಿದೆ.

ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಬಹುದಿತ್ತು. ತಪ್ಪು ಒಪ್ಪಿಕೊಳ್ಳುವುದಿತ್ತಲ್ಲ, ನಾನೇ ಹುಕ್ಕೇರಿಗೆ ಹೋದೆ.

ಅಕ್ಕೋರು ಪಡಸಾಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದು ಬಾಕಿ. ನಾನು ನೀರು ಕುಡಿದು, ಒರೆಸಿದ್ದನ್ನು ಹೇಳಿದೆ. ಗಿರಣಿಯ ಲಾಟಿನ ವಿಷಯವನ್ನೂ ಹೇಳಿದೆ. 

"ಅಲ್ರೀ, ನಿಮ್ಮ ಗಿರಣಿಯವರು ಪಗಾರ ಕೊಟ್ಟು ಇಂಥಾ ರೂಢಿ ಮಾಡಿಸ್ಯಾರ?" ಅಂದರು. "ಅಕಿ ಇದ್ದಿದ್ರ ನಿಮ್ಮ ಕಿವಿ ಹಿಂಡತಿದ್ಲು. ಇರೂದ ಒಂದ ಕಿವಿ."

"ಹೌದ್ರಿ."

"ಹಚ್ಚರಿ, ಕೇಳೂಣು."

ಹಚ್ಚಿದೆ. ಎರಡು ನಿಮಿಷ ಕೇಳಿರಬಹುದು, ಅವರು ಕೈ ಎತ್ತಿದರು.

"ಇದು ಕೆಂಪು ಆರು. ನಾ ಕೇಳೇನಿ ಇದನ್ನ. ಖರೆ, ಕೆಂಪು ಅಂತೂ ಹೌದು. ನಿಮಗ ಯಾರ ಹೇಳಿದ್ರು ಇದು ಕೆಂಪು ಅಂತ?"

"ಯಾರೂ ಹೇಳಿಲ್ರಿ. ತಡಾ ಮಾಡಿ ಬರತಾನ."

ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಆ ಕಣ್ಣಿಗೆ ನಾನು ಎಷ್ಟು ಕಂಡೆನೋ ತಿಳಿಯದು. ಆಮೇಲೆ ತಕರಾರು ಏನೆಂದು ಬಿಡಿಸಿ ಹೇಳಿದರು. ಆ ಸಿನಿಮಾ ಅಕ್ಕೋರು ನೋಡಿರಲಿಲ್ಲ, ನನ್ನ ಹೆಂಡತಿ ಫೋನಿನಲ್ಲಿ ಹೇಳಿದ್ದಷ್ಟೇ ಅವರಿಗೆ ಗೊತ್ತು. ಕೆಂಪು ನಾಲ್ಕರಲ್ಲಿ ಒಬ್ಬಳು ಸಾಯುವ ಸೀನು ಇದೆಯಂತೆ. ಸಂಗೀತದವನು ಅಲ್ಲಿ ಏನೂ ಬಾರಿಸದೆ ಹಾಗೇ ಬಿಟ್ಟಿದ್ದಾನಂತೆ. ಅದು ಮೈಗಳ್ಳತನ, ಅಂಥ ಹೊತ್ತಿನಲ್ಲಿ ನೋಡುವವರ ಕೈ ಬಿಡಬಾರದು ಎಂದು ಅಕ್ಕೋರು. ಬಿಟ್ಟದ್ದೇ ಸರಿ ಎಂದು ನನ್ನ ಹೆಂಡತಿ.

"ಮದಲ ಎರಡು ಮೂರು ನಿಮಿಷ ಅದರಾಗ ಏನೂ ಇಲ್ಲಂತ್ರಿ. ಆ ಏನೂ ಇಲ್ಲದ್ದನ್ನೂ ಅಕಿ ಪೂರಾ ತುಂಬಿಕೊಂಡಾಳ."

 ಕೇಳುತ್ತ ಹೋದಾಗ ಬರೀ ಸುಂಯ್ ಎನ್ನುವ ಮೂರು ಕ್ಯಾಸೆಟ್ ಸಿಕ್ಕಿದ್ದವು. ಒಂದು ನಿಮಿಷ ಕೇಳಿ, ಖಾಲಿ ಎಂದು ಬೇರೆ ಇಟ್ಟಿದ್ದೆ. ಹಿಂದಿನ ವಾರ ನಾದಿನಿ ಬಂದವಳು, "ನಮ್ಮ ಭಜನಾ ಮಂಡಳಿಗೆ ಖಾಲಿ ಕ್ಯಾಸೆಟ್ ಅದಾವೇನ್ರಿ? ಹಳೇ ಟೇಪ್ ಒಂದೈತಿ, ಹಾಡಿದ್ದು ತುಂಬಿಕೊಂಡು ತಪ್ಪು ತಿದ್ದಿಕೊಂತೇವಿ" ಎಂದು ಕೇಳಿದ್ದಳು. ಮೂರನ್ನೂ ಕೊಟ್ಟು ಕಳಿಸಿದ್ದೆ.

ಹುಕ್ಕೇರಿಯಿಂದ ಗೋಕಾಕಕ್ಕೆ ಬಂದು, ಮನೆಗೆ ಹೋಗದೆ, ನಿಲ್ದಾಣದಲ್ಲೇ ಮೂಡಲಗಿಯ ಬಸ್ಸು ಹತ್ತಿದೆ. ಫೋನ್ ಮಾಡಿ ಕೇಳಬಹುದಿತ್ತು. ಧೈರ್ಯ ಆಗಲಿಲ್ಲ. ಕಲ್ಲೋಳಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಕಬ್ಬಿನ ಟ್ರ್ಯಾಕ್ಟರೊಂದು ದಾರಿಗೆ ಅಡ್ಡ ಸಿಕ್ಕಿಕೊಂಡು ಮುಂದೆ ಹೋಗಲೂ ಇಲ್ಲ, ಹಿಂದೆ ಬರಲೂ ಇಲ್ಲ. ಅವಳು ಸತ್ತಾಗ ನಾನು ಅಷ್ಟು ಹೆದರಿರಲಿಲ್ಲ. ಅದು ನಡೆಯುವುದು ಮೊದಲೇ ತಿಳಿದಿತ್ತು.

ನಾದಿನಿ ಬಾಗಿಲು ತೆಗೆದವಳೇ, "ಮಾಮಾ, ಹಿಂಗ ಹೇಳದ ಕೇಳದ ಬಂದ್ರಿ?" ಅಂದಳು.

"ಆ ಕ್ಯಾಸೆಟ್ ಏನ ಮಾಡಿದ್ರಿ?"

"ಎರಡರಾಗ ಭಜನಿ ತುಂಬೇವಿ. ಇನ್ನೊಂದು ಕೆಟ್ಟಿದ್ದು ಕೊಟ್ಟೀರಿ ನೀವು. ರೆಕಾರ್ಡ್ ಗುಂಡಿನ ಒತ್ತಾಕ ಬರವಲ್ದು. ನಮ್ಮ ಮಂಡಳಿಯವರು 'ನಿಮ್ಮ ಮಾಮಾ ಧರ್ಮಕ್ಕ ಹರಕ ಅರಿವಿ ಕೊಟ್ಟಂಗ ಮಾಡ್ಯಾರ' ಅಂತ ನಕ್ಕರು."

ಗೋಡೆಯ ಮಾಡದಿಂದ ಅದನ್ನು ತೆಗೆದುಕೊಟ್ಟಳು. ತಿರುಗಿಸಿ ನೋಡಿದೆ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತವೆ. ಅವನ್ನು ಮುರಿದು ಹಾಕಿದರೆ ಅದರ ಮೇಲೆ ಬೇರೆ ಏನನ್ನೂ ತುಂಬಲಾಗದು. ನನ್ನ ಹೆಂಡತಿ ಎರಡನ್ನೂ ಮುರಿದಿದ್ದಳು. ನಾನು ಅಲ್ಲೇ ಅವರ ಟೇಪಿನಲ್ಲಿ ಹಚ್ಚಿ ಕೇಳಿದೆ. ಮೊದಲು ಬರೀ ಸುಂಯ್ ಅನ್ನುವುದು. ನಾನು ಬಂದ್ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ದೂರದಲ್ಲಿ ಒಂದು ಕಾಗೆ, ಬಟ್ಟೆ ಸರಿದ ಸಪ್ಪಳ, ಯಾರೋ ಎದ್ದು ನಡೆದು ಬಾಗಿಲಿಗೆ ಹೋದದ್ದು. ಆಮೇಲೆ ಒಂದು ಪಿಟೀಲು.

"ನೀವು ಹುಡಕತಿದ್ದದ್ದು ಇದ ಏನ್ರಿ?" ನಾದಿನಿ ಕೇಳಿದಳು.

"ಇದ."

ಎರಡು ದಿನ ಬಿಟ್ಟು ಮತ್ತೆ ಹುಕ್ಕೇರಿಗೆ ಹೋದೆ. ಅಕ್ಕೋರು ಕಿಟಕಿ ಮುಚ್ಚಿಸಿ, ಫ್ಯಾನು ಬಂದ್ ಮಾಡಿಸಿ ಕೇಳಿದರು. ಮುಗಿದ ಮೇಲೂ ತಲೆ ಬಗ್ಗಿಸಿಕೊಂಡೇ ಇದ್ದರು. ಅವರು ಈಗ ಒಪ್ಪಿಕೊಳ್ಳುತ್ತಾರೆ, ಅವಳ ಕೆಲಸ ಮುಗಿಯುತ್ತದೆ ಎಂದು ನಾನು ಕಾಯುತ್ತಿದ್ದೆ.

"ಇಲ್ರಿ" ಅಂದರು. "ಅಕಿ ಮ್ಯಾಲಿನ ಪ್ರೀತಿಗೆ ಸುಳ್ಳು ಹೇಳಾಕ ಬರೂದಿಲ್ಲ. ಇಲ್ಲೆ ಏನರೆ ಬೇಕಿತ್ತು. ಒಂದು ತಂಬೂರಿಯಾದ್ರೂ. ಮಂದಿನ ಹಿಂಗ ಬಯಲಾಗ ಬಿಟ್ಟು ಹೋಗಬಾರದು."

"ಬ್ಯಾಡ್ರಿ" ಎಂದೆ.

ಅಷ್ಟು ಗಟ್ಟಿಯಾಗಿ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅಕ್ಕೋರು ಯಾಕೆ ಎಂದು ಕೇಳಿದರು. ಹೇಳಬೇಕಾಯಿತು.

"ಅಕಿ ಹೋದಾಗ ಮುಂಜಾನೆ ಹನ್ನೊಂದಾಗಿತ್ರಿ. ನಳಾ ಬಂದಿತ್ತು. ನಾ ಅಕಿ ಕೈ ಹಿಡಕೊಂಡು ಕುಂತಿದ್ನಿ. ಹಿತ್ತಲದಾಗ ಪೀಪಾಯಿ ತುಂಬಿ ನೀರು ಹೊರಗ ಚೆಲ್ಲಾಕತ್ತಿತ್ತು. ನಂಗ ಅದೊಂದ ಕೇಳತಿತ್ರಿ. ಎದ್ದು ಬಂದ್ ಮಾಡಬೇಕು ಅನಸ್ತು, ಕೈ ಬಿಡಾಕ ಆಗಲಿಲ್ಲ. ಆವಾಗ ಯಾರರೆ ತಂಬೂರಿ ಹಚ್ಚಿದ್ರ ನಾ ಹೊಡ್ಯಾಕ ಹೋಗತಿದ್ನಿ."

ಅಕ್ಕೋರು ಕನ್ನಡಕದ ಒಳಗೆ ಬೆರಳು ಹಾಕಿ ಕಣ್ಣು ಒರೆಸಿಕೊಂಡರು. ಆಪರೇಷನ್ ಆದ ಕಣ್ಣನ್ನು ಮುಟ್ಟಬಾರದೆಂದು ನಾನು ಹೇಳಿದೆ.

"ಅದು ನಿಮ್ಮ ಮನಿ ಮಾತಾತು" ಅಂದರು. "ನಾ ಹೇಳೂದು ಸಿನಿಮಾದ್ದು. ಕೈ ಹಿಡಕೊಂಡ ಕುಂತಾಂವಗ ಏನೂ ಬ್ಯಾಡ, ಒಪ್ಪತೇನಿ. ದೂರ ಕುಂತು ನೋಡಾವರು ಏನ ಮಾಡಬೇಕ್ರಿ? ನಾ ಇಲ್ಲೆ ಹುಕ್ಕೇರಿಯೊಳಗ ಕುಂತಿದ್ನಲ್ಲ, ನಂಗ ಯಾರ ಕೈ ಹಿಡಿಯಾಕ ಸಿಕ್ಕಿತ್ತು?"

ಇದಕ್ಕೆ ನನ್ನ ಹೆಂಡತಿ ಏನು ಹೇಳುತ್ತಿದ್ದಳೋ.  ಆದರೂ ಬಿಡಲಿಲ್ಲ. ದೂರ ಇದ್ದವರಿಗೂ ಅದೇ ಕೇಳಲಿ ಎಂದೆ. ಅವರು ಇಲ್ಲ ಎಂದರು. ಮತ್ತೆ ಹಚ್ಚಿ ಕೇಳಿದೆವು, ಮತ್ತೆ ಅದೇ ಮಾತು. ನಾಲ್ಕು ಗಂಟೆಯ ಬಸ್ಸು ತಪ್ಪಿತು. ಕೊನೆಗೆ ಇಬ್ಬರೂ ದಣಿದೆವು. ಅಕ್ಕೋರು ಗೋಡೆ ಹಿಡಿದುಕೊಂಡು ಎದ್ದು, ಚಹಾ ಮಾಡುತ್ತೇನೆ ಎಂದು ಒಳಗೆ ಹೋದರು. ಸಕ್ಕರೆ ಡಬ್ಬಿ ಕಾಣುತ್ತಿಲ್ಲ ಎಂದು ಕೂಗಿದರು. ನಾನು ಹುಡುಕಿಕೊಡಲು ಎದ್ದೆ.